ದನಿಗೆ ಮುಖ ಮೂಡುವ ಹೊತ್ತು

"ಬಣ್ಣವಿಲ್ಲ, ಕತೆಯಲ್ಲಿ ಹುರುಳಿಲ್ಲ. ರೇಡಿಯೊ ಹಾಡುಗಾರರ ಆ ಹಳೆಯ ಹಾಲಿವುಡ್ ಸಿನಿಮಾಗಳನ್ನು ಮತ್ತೆ ಮತ್ತೆ ನೋಡುತ್ತೀರಲ್ಲ, ಅಂಥದ್ದೇನಿದೆ ಅದರಲ್ಲಿ?" ಮನೆಗೆ ಬಂದವರೂ ಕೇಳುತ್ತಾರೆ, ಕಚೇರಿಯ ಗೆಳೆಯರೂ ಕೇಳುತ್ತಾರೆ.

ಕತೆಯ ಮಟ್ಟಿಗೆ ಅವರ ಮಾತನ್ನು ಒಪ್ಪುತ್ತೇನೆ. 1934ರ 'ಟ್ವೆಂಟಿ ಮಿಲಿಯನ್ ಸ್ವೀಟ್‌ಹಾರ್ಟ್ಸ್'ನಲ್ಲಿ ಹಾಡು ಹೇಳುವ ಹೋಟೆಲ್ ಮಾಣಿಯೊಬ್ಬ ರೇಡಿಯೊ ತಾರೆಯಾಗುತ್ತಾನೆ. ನಡುವೆ ಒಂದು ಪ್ರೇಮ, ಒಂದಿಷ್ಟು ಮುನಿಸು. ಡಿಕ್ ಪೊವೆಲ್ ಮತ್ತು ಜಿಂಜರ್ ರೋಜರ್ಸ್ ಇಬ್ಬರೂ ಮುದ್ದಾಗಿದ್ದಾರೆ, ಅಷ್ಟೇ.

ನನ್ನನ್ನು ಹಿಡಿದು ಕೂರಿಸುವುದು ಬೇರೆ. ಅಮೆರಿಕದಲ್ಲಿ ಎನ್‌ಬಿಸಿ ಎಂಬ ರೇಡಿಯೊ ಜಾಲ ಶುರುವಾದದ್ದು 1926ರಲ್ಲಿ, ಅಂಥದ್ದೇ ಇನ್ನೊಂದು ಜಾಲ ಸಿಬಿಎಸ್ ಮರುವರ್ಷ. ನೋಡನೋಡುತ್ತ ಹಾಡುಗಾರರ ದನಿ ಮನೆಮನೆಯ ನೆಂಟನಾಯಿತು, ಮುಖ ಮಾತ್ರ ಬಹಳ ಮಂದಿಗೆ ಗೊತ್ತಿರಲಿಲ್ಲ. ಆಕಾಶವಾಣಿ ಕೇಳುತ್ತ ಬೆಳೆದ ನನಗೆ ಆ ಕುತೂಹಲ ಚೆನ್ನಾಗಿ ಗೊತ್ತು. ಭಾವಗೀತೆ ಹಾಡುತ್ತಿದ್ದ ಎಷ್ಟೋ ದನಿಗಳಿಗೆ ನಾನೇ ಕಣ್ಣು, ಮೂಗು ಬರೆದುಕೊಂಡಿದ್ದೆ. ಪ್ಯಾರಾಮೌಂಟ್ ಕಂಪನಿ 1932ರಲ್ಲಿ ತೆಗೆದ 'ದಿ ಬಿಗ್ ಬ್ರಾಡ್‌ಕಾಸ್ಟ್' ಆ ಹಸಿವಿಗೆ ಬಡಿಸಿದ ಊಟ. ಮುಳುಗುತ್ತಿರುವ ರೇಡಿಯೊ ಕೇಂದ್ರ, ಹೊತ್ತಿಗೆ ಸರಿಯಾಗಿ ಬಾರದ ಗಾಯಕ ಎಂಬ ತೆಳ್ಳನೆಯ ನೆಪ ಇಟ್ಟುಕೊಂಡು, ಆ ಕಾಲದ ರೇಡಿಯೊ ಕಲಾವಿದರನ್ನು ಒಬ್ಬೊಬ್ಬರಾಗಿ ಮೈಕಿನ ಮುಂದೆ ತಂದು ನಿಲ್ಲಿಸುತ್ತದೆ.

ಮಿಲ್ಸ್ ಬ್ರದರ್ಸ್ ಬರುವ ಭಾಗವನ್ನೇ ನೋಡಿ. ನಾಲ್ವರು ಅಣ್ಣತಮ್ಮಂದಿರು, ಒಂದೇ ಒಂದು ಗಿಟಾರ್. ಕಣ್ಣು ಮುಚ್ಚಿ ಕೇಳಿದರೆ ಪೂರ್ತಿ ವಾದ್ಯಮೇಳವೇ ಇದೆ ಎನಿಸುತ್ತದೆ. ಒಂದು ಗಿಟಾರ್ ಬಿಟ್ಟರೆ ಬೇರೆ ವಾದ್ಯ ಬಳಸಿಲ್ಲ ಎಂದು ಅವರ ಗ್ರಾಮೊಫೋನ್ ತಟ್ಟೆಯ ಮೇಲೆ ಅಚ್ಚು ಹಾಕಬೇಕಾಗಿತ್ತು! ಇಲ್ಲಿ ಆ ಗುಟ್ಟು ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತದೆ: ಬಾಯಿಗೆ ಬೊಗಸೆ ಹಿಡಿದರೆ ಹೊರಡುವುದು ಟ್ರಂಪೆಟ್. ಎಷ್ಟು ಸಲ ನೋಡಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಬಿಂಗ್ ಕ್ರಾಸ್ಬಿ. ಮೈಕು ಬರುವ ಮೊದಲು ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ಗಂಟಲೆತ್ತಿ ಹಾಡಬೇಕಿತ್ತು. ಮೈಕಿಗೆ ಪಿಸುಮಾತು ಸಾಕು. ಈ ಮೆಲುದನಿಯವರಿಗೇ ಕ್ರೂನರ್ ಎಂಬ ಹೆಸರು ಬಿತ್ತು. ಈ ಸಿನಿಮಾದಲ್ಲಿ ಕ್ರಾಸ್ಬಿ 'ಪ್ಲೀಸ್' ಎಂಬ ಹಾಡನ್ನು ಹಾಡುವಾಗ ಪಕ್ಕದಲ್ಲಿ ಗಿಟಾರ್ ನುಡಿಸುವವರು ಎಡ್ಡಿ ಲ್ಯಾಂಗ್. ನುಡಿಸುವ ಕೈ ಹಾಡುವ ದನಿಯನ್ನು ಎಲ್ಲಿಯೂ ಮೀರುವುದಿಲ್ಲ. ಸಾಲು ಮುಗಿದಲ್ಲಿ ಮಾತ್ರ ನಾಲ್ಕು ಸ್ವರ ಉದುರಿಸಿ ಮತ್ತೆ ಹಿಂದೆ ಸರಿಯುತ್ತದೆ. ಇಬ್ಬರು ಗೆಳೆಯರು ಕೋಣೆಯಲ್ಲಿ ಕುಳಿತು ಮಾತಾಡಿಕೊಂಡಂತೆ ಇರುವ ಈ ಹಾಡು, ನನ್ನ ಮಟ್ಟಿಗೆ, ಇಡೀ ಸಿನಿಮಾದ ಜೀವ.

ಸಿನಿಮಾ ತೆರೆ ಕಂಡದ್ದು 1932ರ ಅಕ್ಟೋಬರ್‌ನಲ್ಲಿ. ಮುಂದಿನ ಮಾರ್ಚ್ ತಿಂಗಳಲ್ಲಿ, ಟಾನ್ಸಿಲ್ ಶಸ್ತ್ರಚಿಕಿತ್ಸೆಯ ನಂತರ, ಲ್ಯಾಂಗ್ ತೀರಿಕೊಂಡರು. ಆಗ ಅವರಿಗೆ ಮೂವತ್ತೇ ವರ್ಷ. ಅವರ ಧ್ವನಿಮುದ್ರಿಕೆಗಳು ನನ್ನಲ್ಲಿ ಬೇಕಾದಷ್ಟಿವೆ. ಆದರೆ ಗಿಟಾರ್ ತಬ್ಬಿಕೊಂಡು ಕುಳಿತ ಲ್ಯಾಂಗ್ ನನಗೆ ಕಾಣಸಿಕ್ಕಿದ್ದು ಆ ಒಂದು ಹಾಡಿನಲ್ಲಿ. ಅದು ಬಂದಾಗ ಕ್ರಾಸ್ಬಿಯವರನ್ನು ಬಿಟ್ಟು ಪಕ್ಕಕ್ಕೆ ನೋಡುತ್ತೇನೆ.