ಟಾಂಜಾನಿಯಾಕ್ಕೆ ಒಂದು ವರ್ಷ ಪಾಠ ಹೇಳಲು ಹೊರಟವರಿಗೆ

ಟಾಂಜಾನಿಯಾದ ಇರಿಂಗಾ ಊರಿನಲ್ಲಿ ಈಗ ಜೂನ್ ರಜೆ. ಬೆಳಿಗ್ಗೆ ನಲ್ಲಿ ನೀರು ಮುಟ್ಟಿದರೆ ಬೆರಳು ಜುಂ ಅನ್ನುತ್ತದೆ. ಆಫ್ರಿಕಾ ಅಂದರೆ ಬರೀ ಬಿಸಿಲು ಅಂದುಕೊಂಡು ಸ್ವೆಟರನ್ನು ಹಾಸನದ ಮನೆಯ ಬೀರುವಿನಲ್ಲೇ ಬಿಟ್ಟು ಬಂದಿದ್ದೆ. ಈ ಊರು ಸಮುದ್ರ ಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಮಡಿಕೇರಿಗಿಂತ ಮೇಲೆ. ಕೊನೆಗೆ ಮಿತುಂಬಾದಲ್ಲಿ ಒಂದು ಉಣ್ಣೆ ಸ್ವೆಟರ್ ಚೌಕಾಸಿ ಮಾಡಿ ಕೊಂಡೆ. ಮಿತುಂಬಾ ಅಂದರೆ ಹೊರದೇಶಗಳಿಂದ ಮೂಟೆಗಟ್ಟಲೆ ಬರುವ ಹಳೇ ಬಟ್ಟೆಗಳ ವ್ಯಾಪಾರ. ಅದನ್ನೇ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನ ಗಣಿತದ ಮೇಡಂ. ಶಾಲೆಯಿಂದ ಒಂದು ವರ್ಷ ಸಂಬಳವಿಲ್ಲದ ರಜೆ ತಗೊಂಡು, ಸ್ವಯಂಸೇವಕರನ್ನು ಕಳಿಸುವ ಒಂದು ಸಂಸ್ಥೆಯ ಮೂಲಕ ಬಂದೆ. ಇಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ. ನಮ್ಮ ಜೂನ್ ಲೆಕ್ಕ ಹಿಡಿದು ಬಂದರೆ ಅರ್ಧ ವರ್ಷ ಮುಗಿದಿರುತ್ತದೆ. ಹಾಗಾಗಿ ಹಿಂದಿನ ಮೇ ತಿಂಗಳಲ್ಲೇ ತಯಾರಿ ಶುರು ಮಾಡಿ.

ಮೊದಲು ಕಾಗದಪತ್ರ. ಟೂರಿಸ್ಟ್ ವೀಸಾದಲ್ಲಿ ಬಂದು ಪಾಠ ಮಾಡುವಂತಿಲ್ಲ. ಸ್ವಯಂಸೇವಕರಿಗೆ ಸಿಗುವುದು ಕ್ಲಾಸ್ ಸಿ ವಾಸದ ಪರ್ಮಿಟ್. ಅದನ್ನು ಯಾರು ಮಾಡಿಸುತ್ತಾರೆ, ದುಡ್ಡು ಯಾರದ್ದು, ಮನೆ ಯಾರು ಕೊಡುತ್ತಾರೆ, ಕಾಯಿಲೆ ಜೋರಾದರೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ಖರ್ಚು ವಿಮೆಯಲ್ಲಿ ಇದೆಯೋ ಇಲ್ಲವೋ, ಎಲ್ಲವನ್ನೂ ಬರವಣಿಗೆಯಲ್ಲಿ ತಗೊಳ್ಳಿ. ನನ್ನ ಪರ್ಮಿಟ್ ತಡವಾದಾಗ ಕಳಿಸುವವರು "ಬಂದುಬಿಡಿ, ಆಮೇಲೆ ನೋಡೋಣ" ಅಂದರು. ನಾನು ಒಪ್ಪಲಿಲ್ಲ. ಟಿಕೆಟ್ ಮುಂದೂಡಿ ದಂಡ ಕಟ್ಟಿ, ಡಿಸೆಂಬರ್ ಕೊನೆಗೆ ಹೊರಟೆ. ಹೊಟ್ಟೆ ಉರಿಯಿತು, ಆದರೆ ಅದು ಸರಿಯಾದ ಖರ್ಚು. ನಡತೆಯ ಬಗ್ಗೆ ಪೊಲೀಸ್ ಸರ್ಟಿಫಿಕೇಟ್ ಕೇಳುತ್ತಾರೆ. ಅದಕ್ಕೆ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಅರ್ಜಿ ಹಾಕಬಹುದು. ಇನ್ನು, ಎರಡು ವಾರ ಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳಲು ಲಕ್ಷಗಟ್ಟಲೆ ಕೇಳುವವರೂ ಇದ್ದಾರೆ. ಅಂಥವರ ಸಹವಾಸವೇ ಬೇಡ.

ಹಳದಿ ಜ್ವರದ ಲಸಿಕೆಯ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಇದು ಹೋಗುವಾಗಿನದಕ್ಕಿಂತ ವಾಪಸ್ ಬರುವಾಗಿನ ಚಿಂತೆ. ನಮ್ಮ ಸರ್ಕಾರದ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶಗಳಿಂದ ಬರುವವರ ಹತ್ತಿರ, ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಇಲ್ಲದಿದ್ದರೆ ನಮ್ಮ ದೇಶದಲ್ಲೇ 6 ದಿನದವರೆಗೆ ಕ್ವಾರಂಟೈನ್ ಮಾಡುತ್ತಾರೆ. ಟಾಂಜಾನಿಯಾ, ದಾರಿಯಲ್ಲಿ ವಿಮಾನ ಬದಲಿಸುವ ದೇಶ, ಇವು ಆ ಪಟ್ಟಿಯಲ್ಲಿವೆಯೋ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಚುಚ್ಚಿಸಿಕೊಂಡ 10 ದಿನದ ಮೇಲೆ ಕಾರ್ಡ್ ಚಾಲ್ತಿಗೆ ಬರುತ್ತದೆ, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಇದನ್ನು ಹಾಕುವ ಕೇಂದ್ರಗಳು ಕೆಲವೇ. ಕೊನೆ ವಾರಕ್ಕೆ ಇಡಬೇಡಿ. ಮಲೇರಿಯಾ ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ. ಇಲ್ಲಿ ಬಂದ ಮೇಲೆ ಜ್ವರ ಬಂದರೆ ನಾಳೆ ನೋಡೋಣ ಅನ್ನದೆ ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.

ಹಣದ ಕಡೆ ಒಂದೇ ಮಾತು. ಬ್ಯಾಂಕ್ ಒಟಿಪಿ ಬರುವ ಸಿಮ್ ಸಾಯದಂತೆ ನೋಡಿಕೊಳ್ಳಿ. ರೀಚಾರ್ಜ್ ಮಾಡುತ್ತಿರಲು ಮನೆಯಲ್ಲಿ ಒಬ್ಬರಿಗೆ ಹೇಳಿ ಬನ್ನಿ, ಕಾರ್ಡಿನಲ್ಲಿ ಹೊರದೇಶದ ಬಳಕೆ ಆನ್ ಮಾಡಿಸಿ. ಇಲ್ಲಿ ಬಂದ ಮೇಲೆ ಫೋನಿನಲ್ಲೇ ದುಡ್ಡು ಕೊಡುವ ಎಂ-ಪೆಸಾ ಇದ್ದರೆ ಸೊಪ್ಪಿನಿಂದ ಬಾಡಿಗೆವರೆಗೆ ನಡೆಯುತ್ತದೆ.

ಗಂಟುಮೂಟೆ ಕಟ್ಟುವಾಗ ಅಮ್ಮ ಚಟ್ನಿಪುಡಿ, ಹುಳಿಪುಡಿ, ಹಪ್ಪಳ ಎಲ್ಲವನ್ನೂ ಅಂಗಡಿ ಕವರಿನಲ್ಲಿ ಸುತ್ತಿ ಸುತ್ತಿ ಇಟ್ಟಿದ್ದರು. ಇಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ವಿಮಾನದಲ್ಲಿ ತಂದರೂ ಇಳಿದ ಕೂಡಲೇ ಬಿಟ್ಟು ಹೋಗಬೇಕು. ಹೊರಡುವ ರಾತ್ರಿ ಇಬ್ಬರೂ ಕೂತು ಎಲ್ಲವನ್ನೂ ಬಟ್ಟೆ ಚೀಲಕ್ಕೂ ಸ್ಟೀಲ್ ಡಬ್ಬಿಗೂ ಸುರಿದೆವು. ಅಮ್ಮ ಬೈದದ್ದು ಆ ದೇಶವನ್ನೋ ನನ್ನನ್ನೋ ಗೊತ್ತಾಗಲಿಲ್ಲ.

ವಿಮಾನ ಇಳಿಯುವ ದಾರ್ ಎಸ್ ಸಲಾಮ್‌ನಿಂದ ಇರಿಂಗಾಕ್ಕೆ ಸುಮಾರು 500 ಕಿಲೋಮೀಟರ್. ಬಸ್ಸಿಗೆ ಇಡೀ ಹಗಲು ಬೇಕು. ಬೆಳಗಿನ ಬಸ್ಸೇ ಹಿಡಿಯಿರಿ, ಯಾಕೆಂದರೆ ಹೆದ್ದಾರಿ ಮಿಕುಮಿ ರಾಷ್ಟ್ರೀಯ ಉದ್ಯಾನದ ನಡುವೆಯೇ ಹಾದು ಹೋಗುತ್ತದೆ. ಉದ್ಯಾನದ ಟಿಕೆಟ್ ತಗೊಳ್ಳದೆ ಜೀಬ್ರಾ, ಜಿರಾಫೆ ನೋಡಬಹುದು. ಅದಾದ ಮೇಲೆ ರುವಾಹಾ ನದಿಯ ಕಣಿವೆಯಲ್ಲಿ ಬೆಟ್ಟದ ತುಂಬಾ ಬಾವೊಬಾಬ್ ಮರಗಳು. ಸವಣೂರಿನ ದೊಡ್ಡಹುಣಸೆ ನೋಡಿದ್ದೀರಲ್ವಾ? ಅದೇ ಮರ. ನಾವು ಒಂದೆರಡಕ್ಕೇ ಕಟ್ಟೆ ಕಟ್ಟಿ ಕೈ ಮುಗಿಯುತ್ತೇವೆ, ಇಲ್ಲಿ ಸಾಲುಸಾಲು ನಿಂತಿವೆ.

ಬಂದ ಮೂರನೇ ದಿನ ಹೆಡ್‌ಮಾಸ್ಟರ್ ಫೋನ್ ಮಾಡಿ "ನಾಳೆ ಸಾ ಮ್ಬಿಲಿ ಮೀಟಿಂಗ್" ಅಂದರು. ಇಲ್ಲಿನ ಭಾಷೆ ಸ್ವಾಹಿಲಿಯಲ್ಲಿ ಸಾ ಅಂದರೆ ಗಂಟೆ, ಮ್ಬಿಲಿ ಅಂದರೆ ಎರಡು. ಊಟ ಮಾಡಿ ಸೀರೆ ಉಟ್ಟು ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಹೋದೆ. ಶಾಲೆಯಲ್ಲಿ ಕಾವಲುಗಾರ ಮಾತ್ರ ಇದ್ದ. ಮೀಟಿಂಗ್ ಬೆಳಿಗ್ಗೆ ಎಂಟಕ್ಕೇ ಆಗಿತ್ತು. ಸ್ವಾಹಿಲಿ ಗಡಿಯಾರ ಸೂರ್ಯ ಹುಟ್ಟಿದಲ್ಲಿಂದ ಎಣಿಸುತ್ತದೆ. ನಮ್ಮ ಏಳು ಗಂಟೆ ಅವರಿಗೆ ಒಂದು. ಪಂಚಾಂಗದ ಘಳಿಗೆ ಲೆಕ್ಕ ಬಲ್ಲ ನನ್ನ ಅಜ್ಜಿಯಾಗಿದ್ದರೆ ಸರಿಯಾದ ಹೊತ್ತಿಗೆ ಹೋಗಿ ಕೂತಿರುತ್ತಿದ್ದರು.

ಸೂಟ್‌ಕೇಸಿನಲ್ಲಿ ಏನೇ ಮರೆತರೂ ಇಲ್ಲಿ ಸಿಗುತ್ತದೆ. ಸ್ವಾಹಿಲಿಯನ್ನು ಮಾತ್ರ ಹೊರಡುವ ಮೊದಲೇ ಕಲಿಯಿರಿ. ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಸಾಕು. ಬರೆದಂತೆ ಓದುವ ಭಾಷೆ, ನಮಗೆ ಸುಲಭ. ಚಾಯ್, ಚಪಾತಿ, ಪೆಸಾ, ಗಾರಿ ಎಲ್ಲಾ ನಮ್ಮ ಪರಿಚಯದವೇ. ಲಾಕಿ ಅಂದರೆ ಲಕ್ಷ, ಹೆಸಾಬು ಅಂದರೆ ನಮ್ಮ ಹಿಸಾಬು. ಹಿರಿಯರು ಕಂಡರೆ "ಶಿಕಾಮೋ" ಅನ್ನಬೇಕು. ಕಾಲು ಹಿಡಿದೆ ಅಂತ ಅದರ ಮೂಲ ಅರ್ಥವಂತೆ. ಅವರು "ಮರಹಬಾ" ಅನ್ನುತ್ತಾರೆ. ಇದೊಂದು ಬಾಯಿಗೆ ಬಂದರೆ ಅರ್ಧ ಊರು ನಿಮ್ಮದು.

ಇಷ್ಟು ಒತ್ತಿ ಹೇಳಲು ಕಾರಣ ತರಗತಿ. ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಏಳು ವರ್ಷ ಎಲ್ಲಾ ಪಾಠವೂ ಸ್ವಾಹಿಲಿಯಲ್ಲಿ. ಎಂಟನೇ ವರ್ಷ, ಅಂದರೆ ಫಾರ್ಮ್ ಒನ್‌ನಲ್ಲಿ, ಎಲ್ಲಾ ಒಮ್ಮೆಲೇ ಇಂಗ್ಲಿಷಿಗೆ ಹೊರಳುತ್ತದೆ. 2016ರಿಂದ ಫಾರ್ಮ್ ಫೋರ್‌ವರೆಗೆ ಸರ್ಕಾರಿ ಶಾಲೆಯಲ್ಲಿ ಫೀಸಿಲ್ಲ, ಹಾಗಾಗಿ ಮಕ್ಕಳೂ ಜಾಸ್ತಿ. ನನ್ನ ಕ್ಲಾಸಿನಲ್ಲಿ 84 ಮಂದಿ, ಮೂವರಿಗೊಂದು ಡೆಸ್ಕ್. ಮೊದಲ ವಾರ ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದೆ: ಮೊದಲ ಐದು ಸಮ ಸಂಖ್ಯೆಗಳ ಮೊತ್ತ ಎಷ್ಟು? ಎಲ್ಲರೂ ಮುತ್ತಿನಂಥ ಅಕ್ಷರದಲ್ಲಿ ಬರೆದುಕೊಂಡರು. "ಮ್ಮೆಎಲೇವಾ?" ಅಂದೆ, ಅರ್ಥವಾಯಿತಾ ಅಂತ. "ನ್ದಿಯೋ, ಮೇಡಂ!" ಅಂತ 84 ಗಂಟಲು ಒಟ್ಟಿಗೆ ಹೌದು ಅಂದವು. ಸುತ್ತಿ ಬಂದು ನೋಡಿದರೆ ಪ್ರಶ್ನೆಯ ಕೆಳಗೆ ಒಬ್ಬರೂ ಒಂದು ಅಂಕಿ ಹಾಕಿರಲಿಲ್ಲ.

ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿ ಸೈನ್ಸಿನ ಮೊದಲ ವಾರ ಲೆಕ್ಚರರ್ "ಈವನ್" ಅಂದಾಗ, ಈವನ್ ಅಂದರೆ ‘ಕೂಡ’ ಅಲ್ವಾ, ಇದಕ್ಕೂ ಲೆಕ್ಕಕ್ಕೂ ಏನು ಸಂಬಂಧ ಅಂತ ಕಣ್ಣುಕಣ್ಣು ಬಿಟ್ಟಿದ್ದೆ. ಸಮ, ಬೆಸ ಚೆನ್ನಾಗಿ ಗೊತ್ತಿತ್ತು. ಕೇಳಲು ನಾಚಿಕೆ. ಆ ಮೌನವೇ ಇಲ್ಲಿ 84 ಪಾಲಾಗಿ ಕೂತಿತ್ತು.

ಮಾರನೇ ದಿನದಿಂದ ಬೋರ್ಡಿನ ಬಲಗಡೆ ಗೆರೆ ಎಳೆದು ಒಂದು ಪಟ್ಟಿ ಬಿಟ್ಟೆ. ಪಾಠಕ್ಕೆ ಮುಂಚೆ ಆ ದಿನದ ಐದು ಇಂಗ್ಲಿಷ್ ಪದ, ಪಕ್ಕದಲ್ಲಿ ಸ್ವಾಹಿಲಿ. ಈವನ್ ಅಂದರೆ ಶುಫ್ವಾ, ಆಡ್ ಅಂದರೆ ವಿತಿರಿ. ತಪ್ಪಿದ್ದರೆ ಮಕ್ಕಳೇ ತಿದ್ದುತ್ತಾರೆ, ನಗುತ್ತಾರೆ. ಪರೀಕ್ಷೆ ಇಂಗ್ಲಿಷಿನಲ್ಲೇ ಇರುವುದರಿಂದ ಪೂರ್ತಿ ಸ್ವಾಹಿಲಿಗೆ ಇಳಿಯುವಂತಿಲ್ಲ. ಏಳನೇ ವಾರ ಹಿಂದಿನ ಡೆಸ್ಕಿನ ಹುಡುಗನೊಬ್ಬ ಎದ್ದು "ಮೇಡಂ, ಸಿಜಾಎಲೇವಾ" ಅಂದ. ಅರ್ಥವಾಗಲಿಲ್ಲ ಅಂತ. ಅವನಿಗೆ ಕೈ ಕುಲುಕಿದೆ, ಅವನು ಕಕ್ಕಾಬಿಕ್ಕಿ.

ಇನ್ನೊಂದು ವಿಷಯ ಬರುವ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಇಲ್ಲಿ ಶಾಲೆಯಲ್ಲಿ ಹೊಡೆಯುವುದಕ್ಕೆ ಕಾನೂನಿನಲ್ಲೇ ಅವಕಾಶವಿದೆ. ಹೆಡ್‌ಮಾಸ್ಟರ್ ಅಥವಾ ಅವರು ನೇಮಿಸಿದ ಟೀಚರ್ ಮಾತ್ರ, ನಾಲ್ಕು ಏಟಿನವರೆಗೆ ಅಂತ ನಿಯಮ. ಸಹೋದ್ಯೋಗಿಯೊಬ್ಬರು ಪ್ರೀತಿಯಿಂದಲೇ ನನಗೊಂದು ಕೋಲು ತಂದುಕೊಟ್ಟರು. "ನನಗೆ ಬೇಡ, ನನ್ನ ಕ್ಲಾಸಿಂದ ಯಾರನ್ನೂ ಅದಕ್ಕಾಗಿ ಕಳಿಸುವುದೂ ಇಲ್ಲ" ಅಂದೆ. ಸ್ಟಾಫ್‌ರೂಮಿನಲ್ಲಿ ಭಾಷಣ ಮಾಡಲಿಲ್ಲ. ನಾವೂ ಬಾಸುಂಡೆ ತಿಂದೇ ಕಲಿತವರಲ್ವಾ. ಮಾಡಬೇಕಿತ್ತೋ ಏನೋ, ಈಗಲೂ ಮನಸ್ಸಿಗೆ ಸಮಾಧಾನವಿಲ್ಲ.

ಊಟದ ಚಿಂತೆ ಬಿಡಿ. ಉಗಾಲಿ ಅಂದರೆ ಮೆಕ್ಕೆಜೋಳದ ಮುದ್ದೆ. ಜೊತೆಗೆ ಮ್ಚಿಚಾ, ಅಂದರೆ ದಂಟಿನ ಸೊಪ್ಪು, ಇಲ್ಲವೇ ಹುರುಳಿಕಾಯಿ ಜಾತಿಯ ಕಾಳಿನ ಸಾರು. ಸಸ್ಯಾಹಾರಿಗಳೂ ಬದುಕಬಹುದು, ಆದರೆ "ಮಾಂಸ ಇಲ್ಲ" ಅಂದ ಮೇಲೆ "ಮೀನೂ ಇಲ್ಲ" ಅಂತ ಬೇರೆ ಹೇಳಬೇಕು. ತೊಗರಿಬೇಳೆ ಗುಜರಾತಿಗಳ ಅಂಗಡಿಯಲ್ಲಿ ಸಿಗುತ್ತದೆ. ಈ ದೇಶದ ತೊಗರಿ ನಮ್ಮಲ್ಲಿಗೇ ಹಡಗು ಹತ್ತುತ್ತದೆ. ರಾಗಿಗೆ ಇಲ್ಲಿ ಉಲೇಜಿ ಅನ್ನುತ್ತಾರೆ, ಗಂಜಿ ಕುಡಿಯುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲಗಳೇ. ಹಿಟ್ಟು ಸಂತೆಯಲ್ಲಿ ಧಾರಾಳ. ಮನೆಯಿಂದ ಮುದ್ದೆ ಕೋಲು ಹೊತ್ತು ತರಬೇಡಿ, ಉಗಾಲಿ ತಿರುವುವ ಮ್ವಿಕೊ ಅನ್ನುವ ಮರದ ಸೌಟು ಅದೇ ಕೆಲಸ ಮಾಡುತ್ತದೆ.