ಮಾನವಶಾಸ್ತ್ರ ಓದಿ ನನಗೆ ಸಿಕ್ಕಿದ್ದು

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ (ಜನರ ಬದುಕು, ರೂಢಿಗಳ ಅಧ್ಯಯನ) ಓದಿದೆ ಅಂದರೆ ದಾವಣಗೆರೆಯ ನೆಂಟರೆಲ್ಲ ಕೇಳುವುದು ಒಂದೇ, ಕೆಲಸ ಸಿಗುತ್ತಾ? ನನಗೆ ಮೊದಲು ಸಿಕ್ಕಿದ್ದು ಜನರ ಮಾತು ಕೇಳಿಸಿಕೊಳ್ಳುವ ಅಭ್ಯಾಸ.

ಮಂಡಕ್ಕಿ ಭಟ್ಟಿಗೆ ಹೋಗಿ ಪ್ರಶ್ನೆಪಟ್ಟಿ ತೆಗೆದರೆ "ಎಲ್ಲಾ ಚೆನ್ನಾಗಿದೆ ಸಾರ್" ಅನ್ನುತ್ತಾರೆ, ಅಷ್ಟೇ. ಸುಮ್ನೆ ಪಕ್ಕದಲ್ಲಿ ಕೂತು, ಕಾದ ಮರಳಲ್ಲಿ ಅಕ್ಕಿ ಅರಳುವುದನ್ನು ನೋಡುತ್ತಾ ಇದ್ದರೆ, ಯಾರು ಬೆಂಕಿ ಮುಂದೆ ನಿಲ್ಲುತ್ತಾರೆ, ಯಾರು ಚೀಲ ತುಂಬುತ್ತಾರೆ, ಕೂಲಿ ಯಾರ ಕೈ ಸೇರುತ್ತದೆ ಅನ್ನುವುದು ನಿಧಾನಕ್ಕೆ ಕಾಣುತ್ತದೆ. ಜನ ಹೇಳುವುದು ಬೇರೆ, ಮಾಡುವುದು ಬೇರೆ ಅಲ್ವಾ? ಎರಡನ್ನೂ ಅವತ್ತೇ ರಾತ್ರಿ ಬರೆದಿಡಬೇಕು. ಹೆಸರಾಂತ ಮಾನವಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದು ಮಾಡಿದ್ದೂ ಇದನ್ನೇ.

ಆಸ್ಪತ್ರೆ, ಪಂಚಾಯಿತಿ, ಆ್ಯಪ್ ಕಂಪನಿ, ಎಲ್ಲ ಕಡೆಯೂ ಹೀಗೆ ಜನರನ್ನು ನೋಡಿ, ಕೇಳಿ ಬರೆದಿಡುವವರು ಬೇಕು.