ಕೈಗೆ ತಕ್ಕ ಮರದ ಹಿಡಿ

ಮೂರನೇ ಜೊತೆ ಹಿಡಿ ಹಾಕಿದ ಮೇಲೆ ನನ್ನ ರಿವಾಲ್ವರ್ ಕೊನೆಗೂ ಕೈಯಲ್ಲಿ ಸರಿಯಾಗಿ ಕೂತಿದೆ. ಅದು ಸ್ಮಿತ್ ಅಂಡ್ ವೆಸನ್ ಮಾಡೆಲ್ 10, .38 ಸ್ಪೆಷಲ್ ಗುಂಡಿನದು, ನಾಲ್ಕು ಇಂಚಿನ ನಳಿಗೆಯದು. ಗುರಿ ಅಭ್ಯಾಸಕ್ಕೆ ಮಾತ್ರ ಬಳಸುತ್ತೇನೆ. ನನ್ನ ಕೈ ಚಿಕ್ಕದು. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ 16.5 ಸೆಂಟಿಮೀಟರ್. ಹಿಡಿ ಆರಿಸುವಾಗ ಮರಕ್ಕಿಂತ ಮೊದಲು ನೋಡಬೇಕಾಗಿದ್ದು ಈ ಅಳತೆಯನ್ನು.

ಮೊದಲ ಜೊತೆಯನ್ನು ನಾನು ಬಣ್ಣ ನೋಡಿ ತರಿಸಿದ್ದೆ. ಕೋಕೋಬೋಲೋ ಮರ. ಕೆಂಡದಂಥ ಕಿತ್ತಳೆ ಬಣ್ಣ, ಮಧ್ಯೆ ಕಪ್ಪು ಗೆರೆಗಳು. ಫ್ರೇಮಿನ, ಅಂದರೆ ರಿವಾಲ್ವರಿನ ಲೋಹದ ಚೌಕಟ್ಟಿನ, ಬೆನ್ನನ್ನೂ ಮುಚ್ಚುವ ದಪ್ಪನೆಯ ಟಾರ್ಗೆಟ್ ಹಿಡಿ ಅದು. ಸಂಜೆ ದೀಪದ ಬೆಳಕಲ್ಲಿ ಸುಮ್ನೆ ತಿರುಗಿಸಿ ತಿರುಗಿಸಿ ನೋಡುತ್ತಾ ಕೂತಿದ್ದು ಈಗಲೂ ನೆನಪಿದೆ. ಮರುದಿನ ಮೂವತ್ತು ಗುಂಡು ಹೊಡೆಯುವಷ್ಟರಲ್ಲಿ ಹೆಬ್ಬೆರಳಿನ ಬುಡದ ಮೂಳೆ ನೋಯತೊಡಗಿತು. .38ರ ಒದೆತ ಜೋರೇನಲ್ಲ, ನೋವು ಬಂದಿದ್ದು ಹಿಡಿಯಿಂದ.

ಆಗಿದ್ದು ಇಷ್ಟು. ಬೆನ್ನಿನ ಮೇಲೆ ಮರ ಬಂದರೆ ಅಂಗೈಯಿಂದ ಟ್ರಿಗರ್‌ಗೆ ಇರುವ ದೂರ ಅಷ್ಟೇ ಜಾಸ್ತಿಯಾಗುತ್ತದೆ. ಡಬಲ್ ಆಕ್ಷನ್‌ನಲ್ಲಿ (ಟ್ರಿಗರ್ ಎಳೆದರೇ ಸುತ್ತಿಗೆ ಹಿಂದೆ ಹೋಗಿ ಬಡಿಯುವ ರೀತಿ) ಟ್ರಿಗರ್ ಎಳೆತ ಉದ್ದ, ಭಾರ. ಬೆರಳ ತುದಿಯಿಂದ ಅದನ್ನು ಸಮವಾಗಿ ಎಳೆಯೋದು ಕಷ್ಟ. ತೋರುಬೆರಳಿನ ಮೊದಲ ಗೆಣ್ಣಿನ ಗೆರೆ ಟ್ರಿಗರ್ ಮೇಲೆ ಬಂದರೆ ಬಲ ಸಿಗುತ್ತದೆ. ನನ್ನ ಬೆರಳು ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಮುಟ್ಟಿಸೋಕೆ ಅಂತ ಗೊತ್ತಿಲ್ಲದೆಯೇ ಕೈಯನ್ನು ಪಕ್ಕಕ್ಕೆ ಹೊರಳಿಸಿ ಹಿಡಿಯುತ್ತಿದ್ದೆ. ಆಗ ನಳಿಗೆ ಮತ್ತು ಮೊಣಕೈ ಒಂದೇ ಗೆರೆಯಲ್ಲಿ ಇರೋದಿಲ್ಲ. ಅಂಗೈ ತಡೆಯಬೇಕಾದ ಒದೆತವನ್ನು ಹೆಬ್ಬೆರಳಿನ ಬುಡ ತಡೆಯಬೇಕಾಗುತ್ತದೆ.

ಇದನ್ನು ಯಾರು ಬೇಕಾದರೂ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಸಿಲಿಂಡರ್ ತೆರೆದು ಎಲ್ಲ ಗೂಡುಗಳೂ ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳಿಂದಲೂ ಮುಟ್ಟಿ ನೋಡಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲನ್ನು ಫ್ರೇಮಿನ ಬೆನ್ನ ಮೇಲೆ ಆದಷ್ಟು ಎತ್ತರಕ್ಕೆ ಒತ್ತಿ ಹಿಡಿಯಿರಿ. ನಳಿಗೆ ಮುಂಗೈ ಮೂಳೆಯ ನೇರಕ್ಕೆ ಇರಬೇಕು. ಈಗ ಕೈ ಹೊರಳಿಸದೆ ಬೆರಳು ಚಾಚಿ, ಅದು ಟ್ರಿಗರ್‌ನಲ್ಲಿ ಎಲ್ಲಿ ಕೂರುತ್ತದೆ ನೋಡಿ. ಬರೀ ತುದಿ ಮುಟ್ಟಿದರೆ ಬೆನ್ನು ತೆರೆದಿರುವ ತೆಳು ಹಿಡಿ ಬೇಕು. ಗೆಣ್ಣಿನ ಗೆರೆ ದಾಟಿ ಒಳಗೆ ಹೋದರೆ ನಿಮ್ಮದು ದೊಡ್ಡ ಕೈ, ಬೆನ್ನು ಮುಚ್ಚುವ ಹಿಡಿಯೇ ಒಳ್ಳೆಯದು.

ಎರಡನೇ ಜೊತೆ ತೆಳುವಾಗಿತ್ತು, ಆದರೆ ದುಂಡು ಬುಡದ ಫ್ರೇಮಿಗೆ ಮಾಡಿದ್ದು. ನನ್ನದು ಚೌಕ ಬುಡ. ಹಿಮ್ಮಡಿಯ ಕಬ್ಬಿಣ ಹೊರಗೆ ಇಣುಕುತ್ತಿತ್ತು. ಆರ್ಡರ್ ಕೊಡುವಾಗ ಮಾಡೆಲ್ ಸಂಖ್ಯೆಯ ಜೊತೆ ಬುಡದ ಆಕಾರವನ್ನೂ ಹೇಳಲೇಬೇಕು. ಸ್ಮಿತ್ ಅಂಡ್ ವೆಸನ್‌ನಲ್ಲಿ ಫ್ರೇಮಿನ ಗಾತ್ರಗಳಿಗೆ ಅಕ್ಷರದ ಹೆಸರು. ಕೆ ಮತ್ತು ಎಲ್ ಫ್ರೇಮಿನ ಹಿಡಿ ಒಂದೇ ಅಳತೆ. ಜೆ ಫ್ರೇಮಿನದು ಚಿಕ್ಕದು. ಚೌಕ ಬುಡದ ಎನ್ ಫ್ರೇಮಿನದು ದೊಡ್ಡದು. ರೂಗರ್ ಜಿಪಿ100ರಲ್ಲಂತೂ ಕೈಯಾಕಾರದ ಫ್ರೇಮೇ ಇಲ್ಲ, ಒಂದು ಗೂಟ ಮಾತ್ರ. ಅದರ ಹಿಡಿ ಬೇರೆ ಲೆಕ್ಕ.

ಮೂರನೆಯದನ್ನು ಒಬ್ಬ ಕುಶಲಕರ್ಮಿ ನನ್ನ ಕೈಯ ಅಚ್ಚು ನೋಡಿ ಮಾಡಿಕೊಟ್ಟರು. ವಾಲ್‌ನಟ್ ಮರ, ಬೆನ್ನು ತೆರೆದದ್ದು. ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಲೋಹದ ಬಳೆ) ಹಿಂದಿನ ಖಾಲಿ ಜಾಗಕ್ಕೆ ಮರ ತುಂಬಿಸಿದ್ದಾರೆ. ನನಗೆ ಅತಿ ಹೆಚ್ಚು ಉಪಕಾರ ಆಗಿದ್ದು ಇದರಿಂದಲೇ. ಕಾರ್ಖಾನೆಯ ತೆಳು ಹಿಡಿಯಲ್ಲಿ ಅಲ್ಲಿ ಏನೂ ಇರೋದಿಲ್ಲ. ಹಾಗಾಗಿ ಪ್ರತಿ ಗುಂಡಿಗೂ ಗಾರ್ಡ್ ಬಂದು ನಡುಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಎಡ ಹೋಳಿನ ಮೇಲ್ಭಾಗವನ್ನು ಸ್ವಲ್ಪ ಕೆತ್ತಿದ್ದರಿಂದ ಸ್ಪೀಡ್ ಲೋಡರ್ (ಎಲ್ಲ ಗುಂಡುಗಳನ್ನೂ ಒಂದೇ ಸಲ ತುಂಬುವ ಸಾಧನ) ತಡೆಯಿಲ್ಲದೆ ಒಳಗೆ ಹೋಗುತ್ತದೆ. ಕೋಕೋಬೋಲೋ ಹಿಡಿಯಲ್ಲಿ ಅದು ಮರಕ್ಕೆ ತಗುಲಿ ಓರೆಯಾಗಿ ನಿಲ್ಲುತ್ತಿತ್ತು.

ಇನ್ನು ಮರದ ವಿಷಯ. ನಾನು ಮೊದಲು ನೋಡೋದು ಎಳೆ ಯಾವ ಕಡೆ ಓಡುತ್ತದೆ ಅಂತ. ಎಳೆ ಹಿಡಿಯ ಉದ್ದಕ್ಕೆ ಓಡಬೇಕು. ಮೇಲಿನ ತೆಳು ಮೂಲೆಗಳಲ್ಲಿ ಅಡ್ಡ ಎಳೆ ಬಂದರೆ ಅಲ್ಲೇ ಮುರಿಯುತ್ತದೆ. ಗಂಟುಮರದ ಸುಳಿಗಳು ಚೆಂದ ನಿಜ, ಆದರೆ ತೆಳುವಾದ ಕಡೆ ಬಲ ಕಡಿಮೆ. ಅಂಥದ್ದೇ ಬೇಕು ಅಂದರೆ ರಾಳ ಕುಡಿಸಿ ಗಟ್ಟಿ ಮಾಡಿದ್ದನ್ನು ತೆಗೆದುಕೊಳ್ಳಿ. ಬೀಟೆ ಮತ್ತು ಕೋಕೋಬೋಲೋ ಎರಡೂ ಡಾಲ್ಬರ್ಜಿಯಾ ಕುಲದವು. 2017ರಿಂದ ಆ ಇಡೀ ಕುಲ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಹತೋಟಿಯಲ್ಲಿದೆ. ದೇಶದ ಗಡಿ ದಾಟಿಸುವಾಗ ಅದಕ್ಕೆ ಕಾಗದಪತ್ರ ಬೇಕಾಗಬಹುದು. ಕೋಕೋಬೋಲೋ ಪುಡಿ ಕೆಲವರ ಚರ್ಮಕ್ಕೆ, ಉಸಿರಿಗೆ ಆಗೋದಿಲ್ಲ. ನೀವೇ ಸ್ಯಾಂಡ್ ಪೇಪರ್ ಹಿಡಿದು ಕೂರುವುದಾದರೆ ಮಾಸ್ಕ್ ಬೇಕೇ ಬೇಕು.

ನುಣುಪೋ, ಗೆರೆ ಕೊರೆದದ್ದೋ? ಗುರಿ ಅಭ್ಯಾಸಕ್ಕೆ ನನಗೆ ಸಣ್ಣ ಗೆರೆ ಇಷ್ಟ. ಬೆವರಿದ ಕೈ ಜಾರೋದಿಲ್ಲ. ಆದರೆ 1873ರ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿಯಂಥ ರಿವಾಲ್ವರ್‌ಗೆ ನುಣುಪೇ ಸರಿ. ಒದೆತಕ್ಕೆ ಅದರ ಹಿಡಿ ಅಂಗೈಯಲ್ಲಿ ಉರುಳಿ ಮೇಲೇಳುತ್ತದೆ. ಅಲ್ಲಿ ಚೂಪು ಗೆರೆ ಇದ್ದರೆ ಚರ್ಮ ಕಿತ್ತು ಬರುತ್ತದೆ.

ಸ್ಕ್ರೂವನ್ನು ಬಲವಾಗಿ ಬಿಗಿಯಬೇಡಿ, ಮರ ಸೀಳುತ್ತದೆ. ಅಲುಗಾಡದಷ್ಟು ಬಿಗಿ ಸಾಕು. ಆಗಾಗ ಬಿಚ್ಚಿ ಒಳಗಿನ ಕಬ್ಬಿಣ ಒರೆಸಿ. ಬೆವರು ಇಳಿದು ಅಲ್ಲೇ ತುಕ್ಕು ಹಿಡಿಯುತ್ತದೆ. ಹಾಗೇ, ಕಾರ್ಖಾನೆಯಿಂದ ಬಂದ ಹಿಡಿಯನ್ನು ಎಸೆಯಬೇಡಿ. ಹಳೆಯ ಸ್ಮಿತ್ ಅಂಡ್ ವೆಸನ್‌ಗಳಲ್ಲಿ ಬಲ ಹೋಳಿನ ಒಳಮೈಮೇಲೆ ರಿವಾಲ್ವರಿನ ಕ್ರಮಸಂಖ್ಯೆಯನ್ನೇ ಹಾಕಿರುತ್ತಿದ್ದರು. ನನ್ನದರಲ್ಲೂ ಇದೆ. ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಹೊಸ ವಾಲ್‌ನಟ್‌ಗೆ ಟಂಗ್ ಎಣ್ಣೆಯ ನಾಲ್ಕು ತೆಳು ಕೈ ಕೊಟ್ಟಾಗಿದೆ. ಎಡಗಡೆ ಹೆಬ್ಬೆರಳು ಕೂರುವ ಜಾಗದಲ್ಲಿ ಮರ ಇನ್ನೂ ಕೂದಲೆಳೆಯಷ್ಟು ಜಾಸ್ತಿ ಇದೆ ಅನ್ನಿಸುತ್ತದೆ. ಇನ್ನೊಂದು ನೂರು ಗುಂಡು ಹೊಡೆದು ನೋಡಿ, ಆಮೇಲೂ ಹಾಗೇ ಅನ್ನಿಸಿದರೆ ಉಜ್ಜುತ್ತೇನೆ.